ಪ್ಯಾಡ್ ಹೊಸದು, ಸೌಂಡ್ ಹಳೇದು: ಕಾರಿನ ಮುಂದಿನ ಡಿಸ್ಕ್ ಬ್ರೇಕಿನ ಕ್ಲಿಪ್ಪು, ಪಿನ್ನು, ಬೂಟು ಮನೇಲೇ ಬದಲಾಯಿಸೋದು ಹೇಗೆ

ಹೊಸ ಬ್ರೇಕ್ ಪ್ಯಾಡ್ ಹಾಕ್ಸಿ ಎರಡು ತಿಂಗಳು ಕೂಡ ಆಗಿರಲ್ಲ, ಹಂಪ್ ಹತ್ತಿ ಇಳಿದಾಗೆಲ್ಲ ಮುಂದಿನ ಚಕ್ರದ ಹತ್ರ ಟಕಟಕ ಅಂತ ಶುರು ಆಗತ್ತೆ, ಗ್ಯಾರೇಜಿಗೆ ತಗೊಂಡು ಹೋದ್ರೆ ಒಬ್ರು ಸಸ್ಪೆನ್ಷನ್ ಅಂತಾರೆ, ಇನ್ನೊಬ್ರು ಲಿಂಕ್ ರಾಡ್ ಅಂತಾರೆ, ಬಿಲ್ ಆಗತ್ತೆ, ಸೌಂಡ್ ಮಾತ್ರ ಹೋಗಲ್ಲ. ಇದಕ್ಕೆ ದುಡ್ಡು ಖರ್ಚಿಲ್ಲದ ಒಂದು ಟೆಸ್ಟ್ ಇದೆ. ಗುಂಡಿ ಬಿದ್ದಿರೋ ರೋಡಲ್ಲಿ (ನಮ್ಮ ಬೆಂಗಳೂರಲ್ಲಿ ಅದನ್ನ ಹುಡ್ಕೊಂಡು ಹೋಗೋದೇನೂ ಬೇಡ) ನಿಧಾನಕ್ಕೆ ಹೋಗ್ತಾ, ಸೌಂಡ್ ಬರ್ತಿರುವಾಗ್ಲೇ ಬ್ರೇಕ್ ಪೆಡಲ್ ಮೇಲೆ ಕಾಲು ಹಗುರಕ್ಕೆ ಇಡಿ, ಗಾಡಿ ನಿಲ್ಲೋಷ್ಟು ಅಲ್ಲ, ಸುಮ್ನೆ ಮುಟ್ಟಿದ ಹಾಗೆ. ಸೌಂಡ್ ಗಕ್ಕನೆ ನಿಂತ್ರೆ ಮೊದಲು ಅನುಮಾನ ಪಡಬೇಕಾಗಿರೋದು ಸಸ್ಪೆನ್ಷನ್ ಮೇಲಲ್ಲ, ಕ್ಯಾಲಿಪರ್ (ಪ್ಯಾಡನ್ನ ಡಿಸ್ಕಿಗೆ ಒತ್ತೋ ಭಾಗ) ಒಳಗೆ ಪ್ಯಾಡು ಕೂತ್ಕೊಳ್ಳೋ ಜಾಗದ ಮೇಲೆ.

ಇದರ ಉಲ್ಟಾ ಕೇಸೂ ಇದೆ. ಸೌಂಡೇ ಇಲ್ಲ, ಆದ್ರೆ ಒಂದು ಕಡೆ ಚಕ್ರ ಇನ್ನೊಂದಕ್ಕಿಂತ ಜಾಸ್ತಿ ಬಿಸಿ, ಬ್ರೇಕ್ ಹಾಕಿದ್ರೆ ಗಾಡಿ ಒಂದು ಪಕ್ಕಕ್ಕೆ ಎಳೆಯತ್ತೆ, ಪ್ಯಾಡ್ ಬಿಚ್ಚಿದ್ರೆ ಒಳಗಿನದು ಪೂರ್ತಿ ಸವೆದು ತಗಡು ಕಾಣ್ತಿರತ್ತೆ, ಹೊರಗಿಂದು ಅರ್ಧಕ್ಕರ್ಧ ಹಾಗೇ ಇರತ್ತೆ. ಎರಡೂ ಕೇಸಲ್ಲಿ ಪ್ಯಾಡಿಂದೇನೂ ತಪ್ಪಿಲ್ಲ, ತಪ್ಪು ಅದರ ಸುತ್ತ ಇರೋ ಸಣ್ಣ ಸಣ್ಣ ಸಾಮಾನಿಂದು. ಪ್ಯಾಡ್ ಚೇಂಜ್ ಮಾಡೋವಾಗ ಹಳೇ ಕ್ಲಿಪ್ಪನ್ನೇ ಒರೆಸಿ ವಾಪಸ್ ಹಾಕೋದು, ಪಿನ್ನು ಬಿಚ್ಚದೇ ಬಿಡೋದು ತುಂಬಾ ಕಡೆ ನಡೆಯತ್ತೆ, ಯಾಕಂದ್ರೆ ಅದನ್ನ ಸರಿಯಾಗಿ ಮಾಡೋಕೆ ಒಂದು ಚಕ್ರಕ್ಕೆ ಮುಕ್ಕಾಲು ಗಂಟೆ ಹೆಚ್ಚಿಗೆ ಬೇಕು, ಅದಕ್ಕೆ ಯಾರೂ ಕೂಲಿ ಕೊಡಲ್ಲ. ನಿಮ್ಮ ಗಾಡಿಗೆ ನೀವೇ ಕೂತ್ಕೊಂಡು ಮಾಡೋಕೆ ಲಾಯಕ್ಕಾದ ಕೆಲಸ ಇದು.

ಒಳಗೆ ಏನೇನಿದೆ

ನಮ್ಮಲ್ಲಿ ಓಡೋ ಬಹುಪಾಲು ಕಾರುಗಳಲ್ಲಿ, ಸ್ವಿಫ್ಟು, ವ್ಯಾಗನಾರು, ಐ20 ಥರದವುಗಳಲ್ಲಿ, ಮುಂದಿರೋದು ಫ್ಲೋಟಿಂಗ್ ಕ್ಯಾಲಿಪರ್. ಪಿಸ್ಟನ್ ಇರೋದು ಒಳಗಡೆ ಮಾತ್ರ. ಪೆಡಲ್ ತುಳಿದಾಗ ಪಿಸ್ಟನ್ ಒಳಗಿನ ಪ್ಯಾಡನ್ನ ಡಿಸ್ಕಿಗೆ ಒತ್ತತ್ತೆ, ಆಮೇಲೆ ಅದೇ ಒತ್ತಡಕ್ಕೆ ಪೂರ್ತಿ ಕ್ಯಾಲಿಪರ್ರೇ ಒಳಗಡೆಗೆ ಜಾರಿ ಹೊರಗಿನ ಪ್ಯಾಡನ್ನ ಎಳ್ಕೊಂಡು ಬಂದು ಡಿಸ್ಕಿಗೆ ಒತ್ತತ್ತೆ. ಹಾಗೆ ಜಾರೋಕೆ ಇರೋದು ಎರಡು ಪಿನ್ನು, ಮೇಲೊಂದು ಕೆಳಗೊಂದು, ಪ್ರತಿ ಪಿನ್ನಿಗೂ ಧೂಳು, ನೀರು ತಡೆಯೋಕೆ ಒಂದು ರಬ್ಬರ್ ಬೂಟು. ಪಿನ್ನು ಜಾಮ್ ಆದ್ರೆ ಕ್ಯಾಲಿಪರ್ ಜಾರಲ್ಲ, ಕೆಲಸವೆಲ್ಲ ಒಳಗಿನ ಪ್ಯಾಡೇ ಮಾಡತ್ತೆ, ಅದಕ್ಕೇ ಅದು ಬೇಗ ಸವೆಯೋದು. ಇನ್ನು ಪ್ಯಾಡಿನ ಎರಡು ತುದಿಯ ಕಿವಿಗಳು, ಕ್ಯಾಲಿಪರನ್ನ ಹೊತ್ಕೊಂಡಿರೋ ಬ್ರಾಕೆಟ್ಟಿನ ಕಚ್ಚಲ್ಲಿ ಕೂತ್ಕೊಳ್ತವೆ, ಅಲ್ಲಿ ಕಿವಿಗೂ ಬ್ರಾಕೆಟ್ಟಿಗೂ ಮಧ್ಯೆ ತೆಳ್ಳಗಿನ ಸ್ಟೇನ್‌ಲೆಸ್ ಸ್ಟೀಲ್ ಕ್ಲಿಪ್ ಇರತ್ತೆ. ಪ್ಯಾಡು ಅಲ್ಲಾಡದ ಹಾಗೆ ಹಿಡ್ಕೊಂಡಿರಬೇಕು, ಹಾಗಂತ ಜಾರೋಕೂ ಬಿಡಬೇಕು, ಎರಡೂ ಕೆಲಸ ಅದೊಂದೇ ಕ್ಲಿಪ್ಪಿಂದು. ಅದರ ಸ್ಪ್ರಿಂಗ್ ಸತ್ರೆ ಟಕಟಕ, ಅದರ ಹಿಂದೆ ತುಕ್ಕು ಬೆಳೆದ್ರೆ ಪ್ಯಾಡ್ ಜಾಮ್.

ಸಾಮಾನು ತರೋದು

ಕ್ಲಿಪ್ ಸೆಟ್ಟು, ಪಿನ್ ಬೂಟ್ ಕಿಟ್ಟು, ಬೇಕಾದ್ರೆ ಪಿನ್ನು, ಇಷ್ಟೇ. ಜೆ.ಸಿ. ರೋಡಲ್ಲಿ ಸಾಲಾಗಿ ಸ್ಪೇರ್ ಪಾರ್ಟ್ಸ್ ಅಂಗಡಿಗಳಿವೆ, ಕೌಂಟರಿಗೆ ಹೋದ ತಕ್ಷಣ "ಯಾವ ಗಾಡಿ ಸರ್, ಯಾವ ಇಯರು, ಪೆಟ್ರೋಲಾ ಡೀಸಲ್ಲಾ" ಅಂತ ಕೇಳ್ತಾರೆ, ಅದಕ್ಕೆ ಬಾಯಲ್ಲಿ ಉತ್ತರ ಹೇಳೋದಕ್ಕಿಂತ ಆರ್‌ಸಿ ಫೋಟೋ, ಚಾಸಿ ನಂಬರು ಫೋನಲ್ಲಿ ಇಟ್ಕೊಂಡಿರಿ, ಒಂದೇ ಮಾಡಲ್ಲಲ್ಲಿ ವರ್ಷ ಬದಲಾದ್ರೆ ಕ್ಯಾಲಿಪರ್ರೂ ಬದಲಾಗಿರೋದುಂಟು. ಕ್ಲಿಪ್ ಮಾತ್ರ ಕೇಳಿದ್ರೆ "ಅದೊಂದೇ ಬರಲ್ಲ ಸರ್, ಪ್ಯಾಡ್ ಜೊತೆ ಬರತ್ತೆ" ಅನ್ನೋರೂ ಸಿಗ್ತಾರೆ. ಪಕ್ಕದ ಅಂಗಡೀಲಿ ಕೇಳಿ, ಇಲ್ಲಾಂದ್ರೆ ಕಂಪನಿ ಸ್ಪೇರ್ಸ್ ಕೌಂಟರಲ್ಲಿ ಪಾರ್ಟ್ ನಂಬರ್ ಹೇಳಿ ಆರ್ಡರ್ ಹಾಕಿ. ಪ್ಯಾಡಿನ ರೇಟಿಗೆ ಹೋಲಿಸಿದ್ರೆ ಇದು ಸಣ್ಣ ಮೊತ್ತ, ಇಲ್ಲಿ ಡೂಪ್ಲಿಕೇಟಿಗೆ ಹೋಗ್ಬೇಡಿ. ತೆಳು ತಗಡಿನ ಲೋಕಲ್ ಕ್ಲಿಪ್ಪನ್ನ ಬೆರಳಲ್ಲಿ ಬಗ್ಗಿಸಿದ್ರೆ ಬಗ್ಗಿದಂಗೇ ಇರತ್ತೆ, ಒಳ್ಳೇದು ಪುಟಿದು ವಾಪಸ್ ಬರತ್ತೆ, ಅಂಗಡೀಲೇ ಗೊತ್ತಾಗತ್ತೆ.

ಗ್ರೀಸ್ ವಿಷಯ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಅರ್ಧ ಗಾಡಿಗಳ ಪಿನ್ನು ಹಾಳಾಗಿರೋದೇ ತಪ್ಪು ಗ್ರೀಸಿಂದ. ಎಲ್ಲಾ ಕಡೆ ಸಿಗೋ ಲಿಥಿಯಂ ಗ್ರೀಸು, ವೀಲ್ ಬೇರಿಂಗಿಗೆ ಹಾಕೋದು, ಅದನ್ನೇ ಒಂದು ಬೆರಳು ತಗೊಂಡು ಪಿನ್ನಿಗೆ ಬಳಿದು ಬಿಡ್ತಾರೆ. ಬ್ರೇಕಿನ ರಬ್ಬರ್ ಸಾಮಾನ್ಯವಾಗಿ ಇಪಿಡಿಎಂ ಅನ್ನೋ ಜಾತೀದು, ಅದಕ್ಕೆ ಪೆಟ್ರೋಲಿಯಂ ಎಣ್ಣೆ ಅಂದ್ರೆ ಆಗಲ್ಲ, ಊದ್ಕೊಳ್ಳತ್ತೆ, ಮೆತ್ತಗಾಗತ್ತೆ. ಕೆಲವು ಪಿನ್ನಿನ ತುದೀಲಿ ರಬ್ಬರ್ ತೋಳು ಇರತ್ತೆ, ಅದು ಊದಿದ್ರೆ ಪಿನ್ನು ತೂತಲ್ಲೇ ಗಟ್ಟಿಯಾಗಿ ಸಿಕ್ಕಾಕೊಳ್ಳತ್ತೆ. ಹಾಕಿದ ದಿನ ನುಣ್ಣಗೆ ಜಾರತ್ತೆ, ಆರು ತಿಂಗಳಿಗೆ ಸುತ್ತಿಗೆ ಬೇಕಾಗತ್ತೆ. ಸಿಲಿಕೋನ್ ಬ್ರೇಕ್ ಗ್ರೀಸು, ಅಥವಾ ರಬ್ಬರಿಗೆ ಆಗತ್ತೆ ಅಂತ ಟ್ಯೂಬ್ ಮೇಲೆ ಸ್ಪಷ್ಟವಾಗಿ ಬರೆದಿರೋ ಸಿಂಥೆಟಿಕ್ ಬ್ರೇಕ್ ಗ್ರೀಸು, ಇವೆರಡೇ. ಒಳ್ಳೇ ಬೂಟ್ ಕಿಟ್ ಜೊತೆ ಸಣ್ಣ ಪೌಚ್ ಬಂದಿರತ್ತೆ, ಬಂದಿದ್ರೆ ಅದನ್ನೇ ಬಳಸಿ. ತಾಮ್ರದ ಬಣ್ಣದ ಕಾಪರ್ ಗ್ರೀಸ್ ಪಿನ್ನಿಗಲ್ಲ.

ಟೂಲ್ಸಲ್ಲಿ ಜಾಕು, ಒಂದು ಜೊತೆ ಜಾಕ್ ಸ್ಟ್ಯಾಂಡು, ಸಾಕೆಟ್ ಸೆಟ್ಟು, ಉದ್ದದ ಹಿಡಿ, ವೈರ್ ಬ್ರಷ್ಷು, ಚಪ್ಪಟೆ ಅರ, ಒಂದು ಸಿ-ಕ್ಲ್ಯಾಂಪು, ಬ್ರೇಕ್ ಕ್ಲೀನರ್ ಸ್ಪ್ರೇ, ಟಾರ್ಕ್ ರೆಂಚು. ಎಸ್.ಜೆ.ಪಿ. ರೋಡಲ್ಲಿ ಒಂದೇ ರೌಂಡಲ್ಲಿ ಎಲ್ಲಾ ಸಿಗತ್ತೆ, ಭಾನುವಾರ ಬಹಳಷ್ಟು ಅಂಗಡಿ ಮುಚ್ಚಿರೋದ್ರಿಂದ ಶನಿವಾರವೇ ಹೋಗಿ ಬನ್ನಿ, ಅಲ್ಲಿ ಕಾರ್ ಪಾರ್ಕಿಂಗ್ ಅನ್ನೋದು ಕನಸು, ಮೆಟ್ರೋದಲ್ಲಿ ಕೆ.ಆರ್. ಮಾರ್ಕೆಟ್ಟಿಗೆ ಇಳಿದು ನಡೆದ್ಬಿಡಿ. ಮಾಸ್ಕೂ ತಗೊಳ್ಳಿ. ಬ್ರೇಕ್ ಧೂಳನ್ನ ಬಾಯಲ್ಲಿ ಊದೋದು, ಏರ್ ಹೊಡೆಯೋದು ಎರಡೂ ಬೇಡ, ಹಳೇ ಅಥವಾ ಅಗ್ಗದ ಪ್ಯಾಡಲ್ಲಿ ಆಸ್ಬೆಸ್ಟಾಸ್ ಇಲ್ಲ ಅಂತ ನೋಡಿ ಹೇಳೋಕಾಗಲ್ಲ.

ಗಾಡಿ ಎತ್ತೋದು

ಸಮತಟ್ಟಾದ ಗಟ್ಟಿ ನೆಲ ಬೇಕು. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್ ಪರವಾಗಿಲ್ಲ, ಆದ್ರೆ ರ‍್ಯಾಂಪ್ ಪಕ್ಕದ ಇಳಿಜಾರಲ್ಲಿ ಬೇಡ, ಮನೆ ಮುಂದಿನ ರೋಡಲ್ಲಂತೂ ಬೇಡ್ವೇ ಬೇಡ. ಇಂಟರ್‌ಲಾಕ್ ಟೈಲ್ಸ್ ಮೇಲಾದ್ರೆ ಸ್ಟ್ಯಾಂಡಿನ ಕೆಳಗೆ ದಪ್ಪ ಹಲಗೆ ಇಡಿ, ಮಳೆಗಾಲದಲ್ಲಿ ಟೈಲ್ಸ್ ಕುಸಿಯತ್ತೆ. ಹ್ಯಾಂಡ್ ಬ್ರೇಕ್ ಎಳೀರಿ, ಗೇರಲ್ಲಿ ಹಾಕಿ, ಪಿ ಇರೋ ಆಟೋಮ್ಯಾಟಿಕ್ ಆದ್ರೆ ಪಿ, ಹಿಂದಿನ ಚಕ್ರಕ್ಕೆ ಎರಡೂ ಕಡೆಯಿಂದ ಕಲ್ಲು ಕೊಡಿ. ವೀಲ್ ನಟ್ಟನ್ನ ಚಕ್ರ ನೆಲದ ಮೇಲಿರುವಾಗ್ಲೇ ಅರ್ಧ ಸುತ್ತು ಲೂಸ್ ಮಾಡ್ಕೊಳ್ಳಿ. ಆಮೇಲೆ ಎತ್ತಿ, ಮ್ಯಾನುಯಲ್ಲಲ್ಲಿ ತೋರಿಸಿರೋ ಪಾಯಿಂಟಲ್ಲೇ ಸ್ಟ್ಯಾಂಡ್ ಕೊಟ್ಟು, ಗಾಡಿನ ಅದರ ಮೇಲೆ ಇಳಿಸಿ, ಕೈಯಲ್ಲಿ ತಳ್ಳಿ ನೋಡಿ ಅಲ್ಲಾಡತ್ತಾ ಅಂತ. ಡಿಕ್ಕೀಲಿ ಬರೋ ಆ ಕತ್ತರಿ ಜಾಕು ಸ್ಟೆಪ್ನಿ ಬದಲಾಯಿಸೋಕೆ ಮಾತ್ರ, ಅದೊಂದರ ಮೇಲೆ ಗಾಡಿ ನಿಲ್ಲಿಸ್ಕೊಂಡು ಬ್ರೇಕ್ ಬಿಚ್ಚೋಕೆ ಕೂತ್ಕೋಬೇಡಿ. ಬಿಚ್ಚಿದ ಚಕ್ರವನ್ನ ಗಾಡಿ ಅಡೀಗೆ ಮಲಗಿಸಿಡಿ, ಅದೂ ಒಂದು ಭದ್ರತೆ.

ಒಂದು ಕಡೆ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು ಕಡೆ. ಎರಡೂ ಒಟ್ಟಿಗೆ ಬಿಚ್ಚಿ ಹರಡಿಕೊಂಡ್ರೆ ಯಾವ ಕ್ಲಿಪ್ ಯಾವ ಕಡೆ ತಿರುಗಿತ್ತು ಅಂತ ನೋಡೋಕೆ ಮಾದರಿ ಇರಲ್ಲ. ಫೋಟೋ ಅಂತೂ ಪ್ರತಿ ಹಂತಕ್ಕೂ ತೆಗೀರಿ, ಆದ್ರೆ ಕೆಲಸ ಮಾತ್ರ ಎರಡೂ ಕಡೆಗೂ ಮಾಡ್ಲೇಬೇಕು, ಒಂದು ಕಡೆ ನುಣ್ಣಗೆ ಜಾರಿ ಇನ್ನೊಂದು ಕಡೆ ಹಳೇದೇ ಇದ್ರೆ ಬ್ರೇಕ್ ಹಾಕಿದಾಗ ಎಳೆಯತ್ತೆ.

ಬಿಚ್ಚೋದು

ಸ್ಟೇರಿಂಗನ್ನ ಒಂದು ಕಡೆ ತಿರುಗಿಸಿದ್ರೆ ಕ್ಯಾಲಿಪರ್ ಹಿಂಭಾಗ ಹೊರಗೆ ಬಂದು ಕೈಗೆ ಸಿಗತ್ತೆ. ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿ ನೋಡಿ, ತುಂಬಾ ತುಂಬಿದ್ರೆ ಹೊಸ ಸಿರಿಂಜಲ್ಲಿ ಸ್ವಲ್ಪ ತೆಗೀರಿ, ಯಾಕಂದ್ರೆ ಆಮೇಲೆ ಪಿಸ್ಟನ್ ಒಳಗೆ ತಳ್ಳಿದಾಗ ಆಯಿಲ್ ಮೇಲೆ ಬರತ್ತೆ, ಚೆಲ್ಲಿದ್ರೆ ಪೇಂಟ್ ತಿನ್ನತ್ತೆ, ಚೆಲ್ಲಿದ ಕಡೆ ತಕ್ಷಣ ನೀರು ಹಾಕಿ ತೊಳೀರಿ.

ಕ್ಯಾಲಿಪರನ್ನ ಪಿನ್ನಿಗೆ ಹಿಡಿದಿರೋ ಎರಡು ಸಣ್ಣ ಬೋಲ್ಟ್ ಇರ್ತವೆ, 12, 13 ಅಥವಾ 14 ನಂಬರ್ ಸ್ಪ್ಯಾನರ್ ಸಾಮಾನ್ಯ. ಬೋಲ್ಟ್ ಜೊತೆ ಪಿನ್ನೂ ತಿರುಗ್ತಿದ್ರೆ ಪಿನ್ನಿನ ಚಪ್ಪಟೆ ಭಾಗಕ್ಕೆ ಇನ್ನೊಂದು ತೆಳು ಸ್ಪ್ಯಾನರ್ ಕೊಟ್ಟು ಹಿಡ್ಕೊಳ್ಳಿ. ಕ್ಯಾಲಿಪರ್ ಹಿಂದೆ ಬ್ರೇಕ್ ಹೋಸ್ (ಆಯಿಲ್ ತರೋ ರಬ್ಬರ್ ಪೈಪು) ಬಂದು ಸೇರೋ ಬೋಲ್ಟೂ ಇರತ್ತೆ, ಅದನ್ನ ಮುಟ್ಟೋ ಹಾಗೇ ಇಲ್ಲ, ಅದು ಬಿಚ್ಚಿದ್ರೆ ಆಯಿಲ್ ಸೋರಿ ಗಾಳಿ ಒಳಗೆ ಹೋಗತ್ತೆ, ಬ್ಲೀಡ್ ಮಾಡ್ಬೇಕಾಗತ್ತೆ, ಅಂದ್ರೆ ಆ ಗಾಳಿ ಹೊರಗೆ ತೆಗೀಬೇಕಾಗತ್ತೆ. ಈ ಕೆಲಸಕ್ಕೆ ಬ್ಲೀಡಿಂಗ್ ಬೇಕಾಗೇ ಇಲ್ಲ. ಕ್ಯಾಲಿಪರ್ ಹೊರಗೆ ಬಂದ ಮೇಲೆ ಹೋಸಲ್ಲಿ ಜೋತು ಬೀಳೋಕೆ ಬಿಡಬೇಡಿ, ತಂತಿಯಲ್ಲೋ ಗಟ್ಟಿ ಹಗ್ಗದಲ್ಲೋ ಸಸ್ಪೆನ್ಷನ್ ಸ್ಪ್ರಿಂಗಿಗೆ ಕಟ್ಟಿ. ಮತ್ತೆ ಮನೇಲಿ ಎಲ್ಲರಿಗೂ ಹೇಳಿಡಿ, ಮಕ್ಕಳಿದ್ರೆ ಕಾರ್ ಬೀಗ ಹಾಕೇ ಇಡಿ: ಕ್ಯಾಲಿಪರ್ ಹೊರಗಿರುವಾಗ ಯಾರಾದ್ರೂ ಪೆಡಲ್ ತುಳಿದ್ರೆ ಪಿಸ್ಟನ್ ಈಚೆ ಬಂದು ಬಿದ್ದೋಗತ್ತೆ, ಅಲ್ಲಿಗೆ ಟೋಯಿಂಗ್ ಗಾಡಿಯೇ ಗತಿ.

ಪ್ಯಾಡ್ ಎರಡನ್ನೂ ತೆಗೆದು ದಪ್ಪ ನೋಡಿ. ಲೈನಿಂಗು, ಅಂದ್ರೆ ತಗಡಿನ ಮೇಲಿನ ಸವೆಯೋ ಪದರ, 3 ಮಿ.ಮೀ.ಗೆ ಬಂದಿದ್ರೆ ಹೊಸದು ಹಾಕೋದೇ ಸರಿ. ಇನ್ನೂ ದಪ್ಪ ಇದ್ರೆ ಅದನ್ನೇ ಹಾಕಬಹುದು, ಒಳಗಿನದು ಒಳಗೇ ಹೊರಗಿಂದು ಹೊರಗೇ ಹೋಗಬೇಕು ಅಷ್ಟೇ, ಗುರುತು ಹಾಕಿಡಿ. ಡಿಸ್ಕ್ ಮೇಲೂ ಕಣ್ಣಾಡಿಸಿ, ಅದರ ಅಂಚಲ್ಲೋ ಮಧ್ಯದ ಟೊಪ್ಪಿಗೆ ಮೇಲೋ ಕನಿಷ್ಠ ದಪ್ಪ ಎಷ್ಟು ಅಂತ ಮಿ.ಮೀ. ಲೆಕ್ಕದಲ್ಲಿ ಕೆತ್ತಿರತ್ತೆ, ಅದಕ್ಕಿಂತ ತೆಳ್ಳಗಾಗಿದ್ರೆ ಕ್ಲಿಪ್ ಬದಲಾಯಿಸಿ ಪ್ರಯೋಜನ ಇಲ್ಲ, ಡಿಸ್ಕೂ ಲಿಸ್ಟಿಗೆ ಸೇರಿಸಿ.

ಪಿಸ್ಟನ್ ಸುತ್ತ ಇರೋ ರಬ್ಬರ್ ಹರಿದಿದ್ರೆ, ಅಥವಾ ಅಲ್ಲಿ ಒದ್ದೆ ಕಂಡ್ರೆ ಕೆಲಸ ಅಲ್ಲಿಗೇ ನಿಲ್ಲಿಸಿ, ಅದು ಕ್ಯಾಲಿಪರ್ ಓವರ್‌ಹಾಲ್ ಕೆಲಸ, ಗೊತ್ತಿರೋರ ಕೈಗೇ ಕೊಡಿ.

ಇನ್ನು ಬ್ರಾಕೆಟ್. ಅದನ್ನ ಬಿಚ್ಚದೇನೂ ಕ್ಲಿಪ್ ಬದಲಾಯಿಸಬಹುದು, ಆದ್ರೆ ಬಿಚ್ಚಿದ್ರೇನೇ ಕ್ಲೀನ್ ಮಾಡೋಕೆ ಸರಿಯಾಗಿ ಆಗೋದು, ನಾನಂತೂ ಬಿಚ್ಚಿ ಅಂತಾನೇ ಹೇಳ್ತೀನಿ. ಹಿಂದಿನಿಂದ ಎರಡು ದೊಡ್ಡ ಬೋಲ್ಟ್, ಸಾಮಾನ್ಯವಾಗಿ 17 ನಂಬರು, ತುಂಬಾ ಬಿಗಿ ಇರ್ತವೆ, ಕೆಲವಕ್ಕೆ ಲಾಕ್ ಅಂಟು ಹಾಕಿರ್ತಾರೆ. ಇಲ್ಲೊಂದು ಗಮನ ಇರಲಿ, ನೀವು ಕೂತಿರೋದು ಮುಂದೆ, ಬೋಲ್ಟ್ ತಲೆ ಇರೋದು ಹಿಂದೆ, ಹಾಗಾಗಿ ಬಿಚ್ಚೋ ದಿಕ್ಕು ನಿಮಗೆ ಉಲ್ಟಾ ಕಾಣತ್ತೆ. ಉದ್ದದ ಹಿಡಿ ಹಾಕಿ ಜೋರು ಕೊಡೋ ಮುಂಚೆ ಒಂದು ಕ್ಷಣ ಯೋಚ್ನೆ ಮಾಡಿ, ಬಿಗಿ ಮಾಡ್ತಾ ಮಾಡ್ತಾ ಬೋಲ್ಟ್ ಮುರ್ಕೊಂಡ್ರೆ ಕಷ್ಟ.

ಕ್ಲೀನಿಂಗ್, ಅಸಲಿ ಕೆಲಸ ಇದೇ

ಹಳೇ ಕ್ಲಿಪ್ಪನ್ನ ಸ್ಕ್ರೂ ಡ್ರೈವರಲ್ಲಿ ಎಬ್ಬಿಸಿ ತೆಗೆದ್ರೆ ಅದರ ಹಿಂದೆ ಬ್ರಾಕೆಟ್ ಮೇಲೆ ಹಪ್ಪಳ ಉಬ್ಬಿದ ಹಾಗೆ ತುಕ್ಕು ಎದ್ದಿರತ್ತೆ. ಈ ತುಕ್ಕೇ ಕ್ಲಿಪ್ಪನ್ನ ಹಿಂದಿನಿಂದ ತಳ್ಳಿ ಜಾಗ ಕಮ್ಮಿ ಮಾಡಿ ಪ್ಯಾಡನ್ನ ಹಿಡಿದಿಡೋದು. ಇದರ ಮೇಲೇ ಹೊಸ ಕ್ಲಿಪ್ ಒತ್ತಿ ಕೂರಿಸಿದ್ರೆ ಹೊಸ ಪ್ಯಾಡ್ ಒಳಗೆ ಹೋಗೋದೇ ಕಷ್ಟ ಆಗತ್ತೆ, ಆಗ ಕೆಲವರು ಪ್ಯಾಡಿನ ಕಿವಿಯನ್ನೇ ಗ್ರೈಂಡರಿಗೆ ಹಿಡಿದು ಸಣ್ಣ ಮಾಡ್ತಾರೆ, ಆಮೇಲೆ ಅದೇ ಪ್ಯಾಡು ಟಕಟಕ ಅನ್ನತ್ತೆ. ಸವೆಸಬೇಕಾಗಿದ್ದು ತುಕ್ಕು, ಪ್ಯಾಡಲ್ಲ. ವೈರ್ ಬ್ರಷ್ಷಲ್ಲಿ ಉಜ್ಜಿ, ಮೂಲೇಲಿ ಉಳಿದಿದ್ದಕ್ಕೆ ಅರ ಹಿಡಿದು ನಿಧಾನಕ್ಕೆ, ಲೋಹ ಬೆಳ್ಳಗೆ ಕಾಣೋವರೆಗೂ. ಲೋಹ ಕಂಡ ಮೇಲೆ ನಿಲ್ಲಿಸಿ, ಬ್ರಾಕೆಟ್ಟನ್ನೇ ಕೊರೆದ್ರೆ ಕ್ಲಿಪ್ ಲೂಸ್ ಆಗತ್ತೆ. ಕೊನೆಗೆ ಬ್ರೇಕ್ ಕ್ಲೀನರ್ ಹೊಡೆದು ಒಣಗೋಕೆ ಬಿಡಿ, ಗಾಳಿ ಆಡೋ ಕಡೆ, ಬೀಡಿ ಸಿಗರೇಟು ದೂರ.

ಪಿನ್ನನ್ನ ಹೊರಗೆ ಎಳೀರಿ. ಬಂತು ಅಂದ್ರೆ ಅದೃಷ್ಟ. ಬರಲಿಲ್ಲ ಅಂದ್ರೆ ಸೀದಾ ಎಳೀಬೇಡಿ, ಸ್ಪ್ಯಾನರ್ ಹಾಕಿ ಆಚೆ ಈಚೆ ತಿರುಗಿಸ್ತಾ ತಿರುಗಿಸ್ತಾ ಎಳೀರಿ, ತುಕ್ಕು ಬಿಡಿಸೋ ಎಣ್ಣೆ ಹಾಕಿ ಒಂದು ಕಾಫಿ ಕುಡಿದು ಬನ್ನಿ, ಹೇಗಿದ್ರೂ ಬೂಟು ಹೊಸದೇ ಹಾಕ್ತಿರೋದ್ರಿಂದ ಹಳೇ ಬೂಟ್ ಹಾಳಾದ್ರೂ ಚಿಂತೆ ಇಲ್ಲ, ಆದ್ರೆ ಆ ಎಣ್ಣೆಯ ಪಸೆಯನ್ನ ಮಾತ್ರ ಆಮೇಲೆ ಕ್ಲೀನರಲ್ಲಿ ಪೂರ್ತಿ ತೊಳೆದು ಬಿಡಬೇಕು. ಹೊರಗೆ ಬಂದ ಪಿನ್ನನ್ನ ಬೆಳಕಿಗೆ ಹಿಡಿದು ನೋಡಿ. ಕಪ್ಪಗೆ ಜಿಡ್ಡು ಕಟ್ಟಿದ್ರೆ ಒರೆಸಿದ್ರೆ ಹೋಗತ್ತೆ, ತುಕ್ಕು ತಿಂದು ಗುಳಿ ಬಿದ್ದಿದ್ರೆ, ಬಗ್ಗಿದ್ರೆ, ಹೊಸದು ಹಾಕಿ. ಉಪ್ಪು ಕಾಗದದಲ್ಲಿ ಉಜ್ಜಿ ಪಳಪಳ ಮಾಡೋರಿದ್ದಾರೆ, ಮೇಲಿನ ಕೋಟಿಂಗ್ ಹೋದ್ಮೇಲೆ ಅದು ಮುಂದಿನ ಮಳೆಗಾಲಕ್ಕೇ ಮತ್ತೆ ತುಕ್ಕು ಹಿಡಿಯತ್ತೆ.

ಮೇಲಿನ ಪಿನ್ನೂ ಕೆಳಗಿನದ್ದೂ ಬಹಳ ಗಾಡಿಗಳಲ್ಲಿ ಒಂದೇ ಥರ ಇರಲ್ಲ, ಒಂದಕ್ಕೆ ರಬ್ಬರ್ ತೋಳು, ಇನ್ನೊಂದು ಬರೀ ನಯ. ಅದಲು ಬದಲು ಆದ್ರೆ ಸೌಂಡು, ಇಲ್ಲಾ ಜಾಮು. ಪಿನ್ನಿನ ತೂತಿನ ಒಳಗೂ ಸಣ್ಣ ಬ್ರಷ್ ಹಾಕಿ ಹಳೇ ಗ್ರೀಸ್ ಎಲ್ಲಾ ತೆಗೀರಿ, ಹಳೇದರ ಮೇಲೇ ಹೊಸ ಗ್ರೀಸ್ ಬೇಡ.

ವಾಪಸ್ ಜೋಡ್ಸೋದು

ಹೊಸ ಬೂಟ್ ಕೂರಿಸಿ, ಅದರ ತುಟಿ ಬ್ರಾಕೆಟ್ಟಿನ ಕಚ್ಚಲ್ಲಿ ಸುತ್ತಲೂ ಕೂತಿದೆಯಾ ನೋಡಿ. ಪಿನ್ನಿಗೆ ಗ್ರೀಸನ್ನ ತೆಳ್ಳಗೆ, ಎಲ್ಲಾ ಕಡೆ ಬರೋ ಹಾಗೆ ಹಚ್ಚಿ. ಜಾಸ್ತಿ ಹಾಕಿದ್ರೆ ಒಳ್ಳೇದು ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ, ತೂತಿನ ತಳದಲ್ಲಿ ಗ್ರೀಸು ತುಂಬ್ಕೊಂಡ್ರೆ ಪಿನ್ನು ಪೂರ್ತಿ ಒಳಗೆ ಹೋಗಲ್ಲ, ಒತ್ತಿದ್ರೆ ಪುಟಿದು ಈಚೆ ಬರತ್ತೆ. ಗಾಳಿ ಸಿಕ್ಕಾಕೊಂಡ್ರೂ ಹಾಗೇ ಆಗತ್ತೆ, ಪಿನ್ನು ಒಳಗೆ ತಳ್ಳುವಾಗ ಬೂಟಿನ ತುಟಿಯನ್ನ ಬೆರಳಲ್ಲಿ ಸ್ವಲ್ಪ ಬಿಡಿಸಿ ಗಾಳಿ ಹೊರಗೆ ಬಿಡಿ. ಆಮೇಲೆ ಎರಡು ಬೆರಳಲ್ಲಿ ಒಳಗೆ ಹೊರಗೆ ಆಡಿಸಿದ್ರೆ ಸಲೀಸಾಗಿ ಹೋಗಿ ಬರಬೇಕು.

ಬ್ರಾಕೆಟ್ ಹಾಕಿ ಬೋಲ್ಟ್ ಬಿಗಿ ಮಾಡಿ, ಲಾಕ್ ಅಂಟು ಇದ್ದ ಬೋಲ್ಟಾದ್ರೆ ಹಳೇದನ್ನ ಬ್ರಷ್ಷಲ್ಲಿ ತೆಗೆದು ಹೊಸದಾಗಿ ಎರಡು ಹನಿ ಹಾಕಿ, ನೀಲಿ ಬಣ್ಣದ್ದು, ಮತ್ತೆ ಬಿಚ್ಚೋಕೆ ಬರೋ ಥರದ್ದು. ಹೊಸ ಕ್ಲಿಪ್ಪುಗಳನ್ನ ಒತ್ತಿ ಕೂರಿಸಿ, ಟಕ್ ಅಂತ ಕೂತ್ಕೋಬೇಕು. ಮೇಲಿಂದು ಕೆಳಗಿಂದು ಬೇರೆ ಬೇರೆ ಆಕಾರ ಇರಬಹುದು, ಇನ್ನೊಂದು ಕಡೆ ಚಕ್ರದ್ದು ಇನ್ನೂ ಬಿಚ್ಚಿಲ್ಲವಲ್ಲ, ಅನುಮಾನ ಬಂದ್ರೆ ಹೋಗಿ ನೋಡ್ಕೊಂಡು ಬನ್ನಿ. ಪ್ಯಾಡನ್ನ ಕೈಯಲ್ಲೇ ತಳ್ಳಿದ್ರೆ ಒಳಗೆ ಹೋಗಿ ಜಾರಬೇಕು, ಹಾಗಂತ ಗಲಗಲ ಅಲ್ಲಾಡಬಾರದು. ಸುತ್ತಿಗೆ ಬೇಕು ಅನ್ನಿಸಿದ್ರೆ ಎಲ್ಲೋ ತುಕ್ಕು ಉಳಿದಿದೆ ಅಂತ ಅರ್ಥ, ವಾಪಸ್ ಬಿಚ್ಚಿ. ಸವೆದಾಗ ಕೀಚ್ ಅನ್ನೋ ತಗಡಿನ ಚೂರು ಸಾಮಾನ್ಯವಾಗಿ ಒಳಗಿನ ಪ್ಯಾಡಿಗಿರತ್ತೆ, ಅದು ಮೇಲೆ ಬರಬೇಕೋ ಕೆಳಗೋ ಅಂತ ಫೋಟೋ ನೋಡಿ ಹಾಕಿ.

ಕ್ಲಿಪ್ಪಿಗೆ ಗ್ರೀಸ್ ಹಚ್ಚಬೇಕಾ ಅನ್ನೋದು ಗಾಡಿಯಿಂದ ಗಾಡಿಗೆ ಬೇರೆ. ಕೋಟಿಂಗ್ ಇರೋ ಕ್ಲಿಪ್ಪಾದ್ರೆ ಬೇಡ. ಕಂಪನಿಯೋರು ಹಚ್ಚಿ ಅಂದಿದ್ರೆ ಪ್ಯಾಡಿನ ಕಿವಿ ತಾಗೋ ಜಾಗಕ್ಕೆ ಬ್ರೇಕ್ ಗ್ರೀಸು ಬರೀ ಸವರಿದ ಹಾಗೆ, ಪ್ಯಾಡಿನ ಬೆನ್ನಿಗೂ ಪಿಸ್ಟನ್ ತಾಗೋ ಕಡೆ ಅಷ್ಟೇ. ನಮ್ಮ ಊರಿನ ಧೂಳಿಗೆ, ಅದರಲ್ಲೂ ಮೆಟ್ರೋ ಕೆಲಸ ನಡೀತಿರೋ ರೋಡಲ್ಲಿ ದಿನಾ ಓಡಾಡೋರಿಗೆ, ಇಲ್ಲಿ ಗ್ರೀಸ್ ಕಮ್ಮಿ ಇದ್ದಷ್ಟೂ ವಾಸಿ, ಧೂಳು ಸೇರಿ ಹಿಟ್ಟಿನ ಥರ ಗಟ್ಟಿಯಾಗತ್ತೆ. ಪ್ಯಾಡಿನ ಮುಖಕ್ಕೆ, ಡಿಸ್ಕಿಗೆ ಒಂದು ಚೂರೂ ತಾಗಬಾರದು, ಡಿಸ್ಕಿಗೆ ತಾಗಿದ್ರೆ ಕ್ಲೀನರಲ್ಲಿ ಒರೆಸಿ.

ಪಿಸ್ಟನ್ ಮೇಲೆ ಹಳೇ ಪ್ಯಾಡ್ ಅಡ್ಡ ಇಟ್ಟು ಸಿ-ಕ್ಲ್ಯಾಂಪಲ್ಲಿ ನಿಧಾನಕ್ಕೆ ಒಳಗೆ ಒತ್ತಿ, ಆಯಿಲ್ ಡಬ್ಬಿ ಮೇಲೆ ಒಂದು ಕಣ್ಣು. ತುಂಬಾ ಜೋರು ಕೊಟ್ರೂ ಹೋಗ್ತಿಲ್ಲ ಅಂದ್ರೆ ಪಿಸ್ಟನ್ ಜಾಮ್, ಇಲ್ಲಾ ಹೋಸ್ ಒಳಗೆ ಮುಚ್ಕೊಂಡಿದೆ, ಬಲವಂತ ಬೇಡ. ಕ್ಯಾಲಿಪರ್ ಕೂರಿಸಿ ಪಿನ್ ಬೋಲ್ಟ್ ಹಾಕಿ, ಹೋಸ್ ತಿರುಚಿಕೊಂಡಿಲ್ಲ ಅಂತ ನೋಡ್ಕೊಳ್ಳಿ. ಸಣ್ಣ ಕಾರುಗಳಲ್ಲಿ ಪಿನ್ ಬೋಲ್ಟ್ 20ರಿಂದ 35 ನ್ಯೂಟನ್ ಮೀಟರ್, ಬ್ರಾಕೆಟ್ ಬೋಲ್ಟ್ 80ರಿಂದ 110ರ ಆಸುಪಾಸು ಇರತ್ತೆ, ಆದ್ರೆ ನಿಮ್ಮ ಗಾಡಿಯ ಮ್ಯಾನುಯಲ್ಲಲ್ಲಿ ಇರೋ ನಂಬರೇ ಫೈನಲ್. ಸಣ್ಣ ಬೋಲ್ಟಿಗೆ ಮೈಮೇಲಿನ ಶಕ್ತಿಯೆಲ್ಲ ಹಾಕಬೇಡಿ, ಥ್ರೆಡ್ ಹೋಗತ್ತೆ. ಚಕ್ರ ಹಾಕಿ, ನಟ್ಟನ್ನ ಅಡ್ಡಡ್ಡವಾಗಿ ಬಿಗಿ ಮಾಡ್ತಾ ಬನ್ನಿ, ಕೊನೇ ಬಿಗಿ ಗಾಡಿ ನೆಲಕ್ಕಿಳಿದ ಮೇಲೆ.

ಹೊರಡೋ ಮುಂಚೆ

ಇಂಜಿನ್ ಸ್ಟಾರ್ಟ್ ಮಾಡಿ ಗೇರ್ ಹಾಕೋದಕ್ಕಿಂತ ಮುಂಚೆ ಪೆಡಲ್ಲನ್ನ ನಿಧಾನಕ್ಕೆ ಒತ್ತಿ ಒತ್ತಿ ಬಿಡಿ, ಮೊದಲ ಕೆಲವು ಸಲ ಪೆಡಲ್ ನೆಲಕ್ಕೇ ಹೋಗತ್ತೆ, ಪಿಸ್ಟನ್ ವಾಪಸ್ ಪ್ಯಾಡಿಗೆ ತಾಗೋವರೆಗೂ ಹಾಗೇ. ಗಟ್ಟಿಯಾದ ಮೇಲೇ ಗಾಡಿ ಕದಲಿಸಿ. ಇದನ್ನ ಮರೆತು ಬೇಸ್‌ಮೆಂಟ್ ರ‍್ಯಾಂಪ್ ಕಡೆ ಹೊರಟ್ರೆ ಮೊದಲ ಬ್ರೇಕಿಗೆ ಗಾಡಿ ನಿಲ್ಲಲ್ಲ. ಆಯಿಲ್ ಮಟ್ಟ ನೋಡಿ, ಕಮ್ಮಿ ಇದ್ರೆ ಮುಚ್ಚಳದ ಮೇಲೆ ಬರೆದಿರೋ ಡಾಟ್ 3 ಅಥವಾ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹಾಕಿ, ಸೀಲ್ ಒಡೆಯದ ಹೊಸ ಬಾಟ್ಲಿಂದು, ಯಾಕಂದ್ರೆ ಅದು ಗಾಳಿಯ ತೇವ ಹೀರ್ಕೊಳ್ಳತ್ತೆ. ಡಾಟ್ 5 ಬೇರೆ ಜಾತಿ, ಬೆರೆಸಬಾರದು.

ಹೊಸ ಪ್ಯಾಡ್ ಹಾಕಿದ್ರೆ ಬೆಳಗಿನ ಜಾವ ಖಾಲಿ ಇರೋ ಲೇಔಟ್ ರೋಡಲ್ಲಿ, ಹಿಂದೆ ಯಾರೂ ಇಲ್ಲ ಅಂತ ನೋಡ್ಕೊಂಡು, ಪ್ಯಾಡು ಡಿಸ್ಕಿಗೆ ಹೊಂದ್ಕೊಳ್ಳೋಕೆ ಸ್ಪೀಡನ್ನ 50ರಿಂದ 10ಕ್ಕೆ ಮಧ್ಯಮ ಒತ್ತಡದಲ್ಲಿ ಎಂಟ್ಹತ್ತು ಸಲ ಇಳಿಸಿ, ಮಧ್ಯೆ ಮಧ್ಯೆ ಆರೋಕೆ ಟೈಮ್ ಕೊಡಿ. ಪೂರ್ತಿ ನಿಲ್ಲಿಸಿ ಬಿಸಿ ಡಿಸ್ಕ್ ಮೇಲೆ ಪೆಡಲ್ ಒತ್ಕೊಂಡೇ ಇರಬೇಡಿ. ಸಿಲ್ಕ್ ಬೋರ್ಡ್ ಸಿಗ್ನಲಲ್ಲಿ ಇದನ್ನ ಮಾಡೋಕಾಗಲ್ಲ ಅಂತ ಬೇರೆ ಹೇಳ್ಬೇಕಾಗಿಲ್ಲ. ವಾಪಸ್ ಬಂದು ಎರಡೂ ಚಕ್ರದ ಹತ್ರ ಅಂಗೈ ಹಿಡಿದು ನೋಡಿ, ಮುಟ್ಟಬೇಡಿ, ಎರಡರ ಬಿಸಿಯೂ ಹೆಚ್ಚು ಕಮ್ಮಿ ಒಂದೇ ಥರ ಇರಬೇಕು. ಒಂದು ಕಡೆ ಮಾತ್ರ ಕಾದಿದ್ರೆ, ಸುಟ್ಟ ವಾಸನೆ ಇದ್ರೆ, ಆ ಕಡೆ ಪಿನ್ನು ಮತ್ತೆ ನೋಡಿ.

ನೂರಿನ್ನೂರು ಕಿಲೋಮೀಟರ್ ಆದ್ಮೇಲೆ ವೀಲ್ ನಟ್ಟಿನ ಬಿಗಿ ಇನ್ನೊಂದ್ಸಲ ಚೆಕ್ ಮಾಡಿ. ಮಳೇಲಿ ರಾತ್ರಿ ಹೊರಗೆ ನಿಲ್ಲಿಸಿದ ಗಾಡಿಯ ಡಿಸ್ಕ್ ಬೆಳಿಗ್ಗೆ ಕಿತ್ತಳೆ ಬಣ್ಣಕ್ಕೆ ತಿರುಗಿರತ್ತೆ, ಮೊದಲೆರಡು ಬ್ರೇಕಿಗೆ ಕರ್ ಅನ್ನತ್ತೆ, ಅದು ಮೇಲ್ಮೈ ತುಕ್ಕು, ತಾನಾಗೇ ಹೋಗತ್ತೆ, ಅದಕ್ಕೆ ಮತ್ತೆ ಬಿಚ್ಚೋಕೆ ಹೋಗಬೇಡಿ. ಆದ್ರೆ ನೀರು ನಿಂತ ಅಂಡರ್‌ಪಾಸಲ್ಲಿ ಚಕ್ರ ಅರ್ಧ ಮುಳುಗೋ ಹಾಗೆ ಹೋಗಿ ಬಂದಿದ್ರೆ, ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಚಕ್ರ ಬಿಚ್ಚಿ ಬೂಟ್ ಹರಿದಿಲ್ಲ ಅಂತ ನೋಡ್ಕೊಂಡು, ಕೆಳಗಿನ ಪಿನ್ನನ್ನ ಒಂದ್ಸಲ ಹೊರಗೆ ಎಳೆದು ನೋಡಿ, ನೀರು ಇಳಿದು ನಿಲ್ಲೋದು ಅಲ್ಲೇ ಜಾಸ್ತಿ.